ಗೋದಾಮು ಅಂದರೆ ಬರೀ ಚೀಲ ಇಡುವ ಜಾಗವೇ? ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ

ಹಾಸನ ಗೋದಾಮು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹಾಸನದ ಹೊರವಲಯದಲ್ಲಿ ನಮ್ಮ ಮನೆಯವರದ್ದು ಒಂದು ಮಧ್ಯಮ ಗಾತ್ರದ ಗೋದಾಮು ಇದೆ. ಅರ್ಧ ಭಾಗದಲ್ಲಿ ಕಾಫಿ, ಮೆಣಸು, ಮುಸುಕಿನ ಜೋಳ. ಇನ್ನರ್ಧ ಬೆಂಗಳೂರಿನಿಂದ ಸರಕು ತರಿಸುವ ವಿತರಕರಿಗೆ ಬಾಡಿಗೆಗೆ. ಮೊದಲಿನಿಂದಲೂ ನಮ್ಮ ಲೆಕ್ಕ ಒಂದೇ. ಚೀಲಕ್ಕೆ ತಿಂಗಳಿಗೆ ಇಷ್ಟು, ಚದರ ಅಡಿಗೆ ಇಷ್ಟು, ಹಮಾಲಿ ಬೇರೆ.

ನಮ್ಮ ಕಡೆಯ ಮಾಲು ಹೇಗೆ ಒಳಗೆ ಬಂತೋ ಹಾಗೇ ಹೊರಗೆ ಹೋಗುತ್ತದೆ. ತೇವ ನೋಡುವುದು, ಜರಡಿ ಹಿಡಿಯುವುದು, ಹೊಸ ಚೀಲಕ್ಕೆ ತುಂಬುವುದು, ಲೇಬಲ್ ಹಚ್ಚುವುದು, ಕಂಟೇನರ್‌ಗೆ ಏರಿಸುವುದು, ಕಾಗದಪತ್ರ ಮಾಡಿಸುವುದು, ಇವೆಲ್ಲ ಬಹುಪಾಲು ಬೇರೆ ಊರಿನಲ್ಲಿ ಆಗುತ್ತವೆ. ಆ ಕೂಲಿ, ಆ ಲಾಭ ಎರಡೂ ಅಲ್ಲೇ ಉಳಿಯುತ್ತವೆ. ಲಾಜಿಸ್ಟಿಕ್ಸ್‌ನವರು ಈ ಕೆಲಸಗಳನ್ನೆಲ್ಲ ಸೇರಿಸಿ ವ್ಯಾಲ್ಯೂ ಆಡೆಡ್ ಸರ್ವಿಸ್ ಅಂತಾರೆ. ದೊಡ್ಡ ಊರಿನ ಗೋದಾಮುಗಳಿಗೆ ಜಾಗದ ಬಾಡಿಗೆ ಜೊತೆ ಇದೂ ಒಂದು ಆದಾಯ.

ಇದರ ಬಗ್ಗೆ ಕೇಳಲು ಹೋದರೆ ಎಲ್ಲರೂ ಮೊದಲು ಯಂತ್ರದ ಮಾತು ತೆಗೆಯುತ್ತಾರೆ. ಬಣ್ಣ ನೋಡಿ ಬೀಜ ಆರಿಸುವ ಕಲರ್ ಸಾರ್ಟರ್ ಹಾಕಿ, ಪ್ಯಾಕಿಂಗ್ ಲೈನ್ ಹಾಕಿ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಕಡೆ ಮೊದಲು ಬೇಕಾಗಿರುವುದು ಒಬ್ಬ ರೈತನ ಮಾಲನ್ನು ಇನ್ನೊಬ್ಬರ ಮಾಲಿನ ಜೊತೆ ಬೆರೆಸದೆ ಇಡುವ ಶಿಸ್ತು. ಬಂದ ದಿನದ ತೂಕ, ತೇವಾಂಶ ಬರೆದ ಚೀಟಿ. ಅದು ಸರಿ ಇದ್ದರೆ ಉಳಿದ ಸೇವೆಯೆಲ್ಲ ಅದರ ಮೇಲೆ ಕಟ್ಟಬಹುದು. ಅದೇ ಇಲ್ಲದಿದ್ದರೆ ಯಾವ ಯಂತ್ರ ತಂದರೂ ಬೆಳೆಗಾರನಿಗೆ ಒಂದು ರೂಪಾಯಿ ಜಾಸ್ತಿ ಸಿಗುವುದಿಲ್ಲ.

ಕಾಫಿ ಬೆಳೆಯುವವರು, ಡಿಪೋ ನಡೆಸುವವರು, ಲೆಕ್ಕ ನೋಡುವವರು ಎಲ್ಲರೂ ಹೇಳಿ. ಯಾವ ಸೇವೆಗೆ ನೀವು ನಿಜವಾಗಿಯೂ ದುಡ್ಡು ಕೊಡುತ್ತೀರಿ?

ಮೂಡಿಗೆರೆ ರೋಬಸ್ಟಾ

ಒಳ್ಳೆ ವಿಷಯ ಎತ್ತಿದ್ದೀರಿ. ಬೆಳೆಗಾರನ ಕಡೆಯಿಂದ ಹೇಳುತ್ತೇನೆ.

ನಾವು ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರುವುದು ಔಟ್‌ಟರ್ನ್ (ಓಟಿ) ಮೇಲೆ. 50 ಕೆ.ಜಿ. ಒಣ ಚೆರ್ರಿ ಸಿಪ್ಪೆ ಬಿಡಿಸಿದರೆ ಎಷ್ಟು ಕೆ.ಜಿ. ಬೀಜ ಬರುತ್ತದೆ ಅನ್ನುವ ಲೆಕ್ಕ. 26 ಬಂದರೆ ಒಂದು ರೇಟು, 27 ಬಂದರೆ ಇನ್ನೊಂದು. ಆ ಸ್ಯಾಂಪಲ್ ಒಡೆಯುವವರು ಯಾರು? ಕೊಳ್ಳುವವರೇ. ತೇವ ನೋಡುವ ಮೀಟರ್ ಯಾರದ್ದು? ಅವರದ್ದೇ. ಹಿಂದೊಂದು ವರ್ಷ ಒಂದೇ ಕಣದಲ್ಲಿ ಒಣಗಿಸಿದ ಚೆರ್ರಿಯನ್ನು ನಾನು ಇಬ್ಬರು ವ್ಯಾಪಾರಿಗಳಿಗೆ ತೋರಿಸಿದೆ. ಇಬ್ಬರ ಮೀಟರ್‌ನಲ್ಲಿ ಬೇರೆ ಬೇರೆ ತೇವ, ಬೇರೆ ಬೇರೆ ಓಟಿ. ವ್ಯತ್ಯಾಸ ಸಣ್ಣದಲ್ಲ. ಯಾರು ಸರಿ ಅಂತ ಕೇಳಲು ಮೂರನೆಯವರು ಯಾರೂ ಇರಲಿಲ್ಲ.

ಆ ಮೂರನೆಯವರು ನೀವಾಗಿ. ಕೊಳ್ಳದ, ಮಾರದ ಒಬ್ಬರು ಸ್ಯಾಂಪಲ್ ಒಡೆದು ತೇವ, ಓಟಿ, ಕಪ್ಪು ಬೀಜ, ಹುಳ ಹಿಡಿದ ಬೀಜ ಎಲ್ಲ ಬರೆದು ಸಹಿ ಹಾಕಿ ಕೊಟ್ಟರೆ ಅದಕ್ಕೆ ನಾನು ದುಡ್ಡು ಕೊಡುತ್ತೇನೆ. ಪ್ಯಾಕಿಂಗ್, ಲೇಬಲ್ ಎಲ್ಲ ಆಮೇಲಿನ ಮಾತು.

ಒಂದು ಷರತ್ತು. ನೀವು ಕಾಫಿ ವ್ಯಾಪಾರಕ್ಕೆ ಇಳಿಯಬಾರದು. ಇಳಿದ ದಿನವೇ ನಿಮ್ಮ ಚೀಟಿಗೆ ಬೆಲೆ ಇಲ್ಲ.

ಸಕಲೇಶಪುರ ಏಲಕ್ಕಿ

ಮೂಡಿಗೆರೆಯವರ ಕೊನೆ ಮಾತು ನೂರಕ್ಕೆ ನೂರು ಸರಿ. ಮತ್ತೆ ನಮ್ಮ ಘಟ್ಟದ ಕಡೆಯವರು ಮಾಲನ್ನು ಹಾಸನಕ್ಕೆ ಇಳಿಸಲು ಮಳೆ ಒಂದೇ ಕಾರಣ ಸಾಕು. ಆರಿದ್ರೆ ಮಳೆ ಹಿಡಿದರೆ ಇಲ್ಲಿ ಮನೆಯೊಳಗಿನ ಮೆಣಸೂ ಮೆತ್ತಗಾಗುತ್ತದೆ.

ಚಿಕ್ಕಮಗಳೂರು ಲ್ಯಾಬ್

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ನಮ್ಮಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗಾರ್ಬ್ಲಿಂಗ್ ಮಾಡುತ್ತಿದ್ದರು. ಸಾಲಾಗಿ ಕೂತು ಬೀಜದಿಂದ ಕಪ್ಪು, ಒಡಕು, ಹುಳುಕು ಆರಿಸುವ ಕೆಲಸ. ಈಗ ಆ ಕೆಲಸವನ್ನು ಬಹಳಷ್ಟು ಕಡೆ ಕಲರ್ ಸಾರ್ಟರ್ ಮಾಡುತ್ತದೆ. ಆದ್ದರಿಂದ ಈ ವಿಷಯ ನನಗೆ ಹತ್ತಿರದ್ದು. ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಫಿಯಲ್ಲಿ ಮೌಲ್ಯ ಸೇರಿಸುವ ಕೆಲಸ ಹೊಸದಲ್ಲ. ಕ್ಯೂರಿಂಗ್ ಅಂದರೆ ಅದೇ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಸಿಪ್ಪೆ ಬಿಡಿಸುವುದು, ಪಾಲಿಶ್ ಮಾಡುವುದು, ಜರಡಿಯಲ್ಲಿ ಗಾತ್ರ ಬೇರೆ ಮಾಡುವುದು, ಹಗುರ ಬೀಜ ತೆಗೆಯುವುದು, ಬಣ್ಣ ನೋಡಿ ಆರಿಸುವುದು. 6.65 ಮಿಲಿಮೀಟರ್ ಜರಡಿ ಮೇಲೆ ನಿಲ್ಲುವ ಅರೇಬಿಕಾ ಬೀಜ ಪ್ಲಾಂಟೇಶನ್ ಎ. 6 ಮಿಲಿಮೀಟರ್ ಮೇಲೆ ನಿಂತರೆ ಬಿ. 5.5ರ ಮೇಲೆ ನಿಂತರೆ ಸಿ. ಗುಂಡು ಬೀಜ ಪಿಬಿ ಅಂತ ಬೇರೆ ಹೋಗುತ್ತದೆ. ಒಂದೇ ಗಿಡದ ಕಾಫಿ ಇಷ್ಟು ಭಾಗವಾಗಿ ಒಂದೊಂದಕ್ಕೆ ಒಂದೊಂದು ಬೆಲೆ.

ಹಿಂದೆ ಎಲ್ಲರ ಕಾಫಿಯೂ ಪೂಲ್‌ಗೆ, ಅಂದರೆ ಕಾಫಿ ಬೋರ್ಡಿನ ಒಟ್ಟು ರಾಶಿಗೆ ಹೋಗುತ್ತಿತ್ತು. ಕಾಫಿ ಬೋರ್ಡ್ ಮಾರುತ್ತಿತ್ತು, ಬೆಳೆಗಾರರಿಗೆ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ದುಡ್ಡು ಬರುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಮಾರುವ ಸ್ವಾತಂತ್ರ್ಯ ಬೆಳೆಗಾರರಿಗೆ ಸಿಕ್ಕಿತು. ತನ್ನ ಕಾಫಿ ಯಾವ ದರ್ಜೆಯದು ಅಂತ ತಿಳಿಯುವ ದಾರಿ ಮಾತ್ರ ಸಣ್ಣ ಬೆಳೆಗಾರರಿಗೆ ಸಿಗಲಿಲ್ಲ. ದೊಡ್ಡ ಎಸ್ಟೇಟ್‌ನವರು ತಮ್ಮ ಲಾಟ್, ಅಂದರೆ ತಮ್ಮ ತೋಟದ ಮಾಲನ್ನಷ್ಟೇ, ಬೇರೆ ಕ್ಯೂರಿಂಗ್ ಮಾಡಿಸುತ್ತಾರೆ, ಕಪ್ ರುಚಿ ನೋಡಿಸುತ್ತಾರೆ. ಸಣ್ಣವರದ್ದು ವ್ಯಾಪಾರಿಯ ರಾಶಿಗೆ ಸೇರುತ್ತದೆ. ಗಿರಿಯ ಎತ್ತರದ ತೋಟದ್ದೂ ಅಲ್ಲೇ, ಕೆಳಗಿನದೂ ಅಲ್ಲೇ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ 10 ಹೆಕ್ಟೇರ್ ಒಳಗಿನವು. ಅಷ್ಟೂ ಜನರ ಕಥೆ ಇದೇ.

2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಚಿಕ್ಕಮಗಳೂರು ಅರೇಬಿಕಾಕ್ಕೂ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರು ಹಾಕಿ ಮಾರಬೇಕಾದರೆ ಚೀಲ ಯಾವ ತೋಟದಿಂದ ಬಂತು ಅಂತ ತೋರಿಸಬೇಕಲ್ವಾ? ಗೋದಾಮಿನಲ್ಲಿ ಬೆರೆತು ಹೋದ ಕಾಫಿಗೆ ಆ ಹೆಸರು ಹೇಗೆ ಹಾಕುತ್ತೀರಿ?

ಹಾಗಾಗಿ ಹಾಸನ ಗೋದಾಮಿನವರ ಮಾತು ನನಗೆ ಒಪ್ಪಿಗೆ. ಮೊದಲು ಲಾಟ್. ಸಿಪ್ಪೆ ಬಿಡಿಸುವ ಹಲ್ಲಿಂಗ್ ಯಂತ್ರದ ಆಸೆ ಈಗಲೇ ಬೇಡ. ಅದಕ್ಕೆ ಕಾಫಿ ಬೋರ್ಡಿನ ಕ್ಯೂರಿಂಗ್ ಲೈಸೆನ್ಸ್ ಬೇಕು, ಬಂಡವಾಳವೂ ಬೇಕು. ಇರುವ ಕ್ಯೂರಿಂಗ್ ವರ್ಕ್ಸ್ ಜೊತೆ ಮಾತಾಡಿ, ಲಾಟ್ ಒಡೆಯದೆ ಮಾಡಿಸಿ ತನ್ನಿ.

ಹಾಸನ ಗೋದಾಮು

ಲ್ಯಾಬ್‌ನವರೇ, ತುಂಬಾ ಧನ್ಯವಾದ. ಗೋದಾಮಿನೊಳಗಿನ ಶಿಸ್ತಿನ ಬಗ್ಗೆಯೂ ಹೇಳಿ. ಮಳೆಗಾಲದಲ್ಲಿ ನೀವು ಏನು ನೋಡುತ್ತೀರಿ?

ಚಿಕ್ಕಮಗಳೂರು ಲ್ಯಾಬ್

ಕಾಫಿ ಸುತ್ತಲಿನ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಶೇ 10–11ಕ್ಕೆ ಒಣಗಿದ ಬೀಜ ಮಳೆಗಾಲದ ಗಾಳಿಯಲ್ಲಿ ಸುಮ್ನೆ ಇಟ್ಟರೆ ತೇವ ಮೇಲೇರುತ್ತದೆ. ಬೀಜದ ನೀಲಿ ಹಸಿರು ಹೋಗಿ ಬಿಳಿಚಿಕೊಳ್ಳುತ್ತದೆ. ಆಮೇಲೆ ಬೂಷ್ಟು. ಬಿಳಿಚಿದ ಪ್ಲಾಂಟೇಶನ್ ಎ ಅನ್ನು ಆ ದರ್ಜೆಯ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಮಂಗಳೂರು ಕಡೆ ಬೇಕೆಂದೇ ಮಳೆಗಾಲದ ಗಾಳಿಗೆ ಬಿಟ್ಟು ಮಾನ್ಸೂನ್ಡ್ ಮಲಬಾರ್ ಅನ್ನುವ ಕಾಫಿ ಮಾಡುತ್ತಾರೆ. ಅದು ತಿಳಿದು ಮಾಡುವ ಕೆಲಸ. ನಮ್ಮಲ್ಲಿ ಆಗುವುದು ಹಾಳು.

ಚೀಲ ನೆಲಕ್ಕೆ ತಾಗಬಾರದು, ಕೆಳಗೆ ಮರದ ಹಲಗೆ ಇರಬೇಕು. ಗೋಡೆಯಿಂದ ಮನುಷ್ಯ ಓಡಾಡುವಷ್ಟು ಜಾಗ ಬಿಡಬೇಕು. ಬೆಳಿಗ್ಗೆ ಹೊರಗೆ ಗಾಳಿ ಒದ್ದೆಯಾಗಿದ್ದರೆ ಕಿಟಕಿ ಮುಚ್ಚಬೇಕು. ಬಿಸಿಲು ಬಂದು ಗಾಳಿ ಒಣಗಿದಾಗ ತೆಗೆಯಬೇಕು. ಬಹಳ ಕಡೆ ಇದು ಉಲ್ಟಾ ಆಗುತ್ತದೆ, ಬೀಗ ತೆಗೆದ ಕೂಡಲೇ ಎಲ್ಲ ಕಿಟಕಿ ತೆಗೆಯುತ್ತಾರೆ. ಕಾಫಿ ಇರುವ ಕೋಣೆಯಲ್ಲಿ ಗೊಬ್ಬರ, ಔಷಧಿ, ಮೆಣಸು, ಸೋಪಿನ ಡಬ್ಬ ಯಾವುದೂ ಬೇಡ. ನಿಮ್ಮ ಇನ್ನರ್ಧದಲ್ಲಿ ವಿತರಕರ ಸರಕು ಇದೆ ಅಂದಿರಿ. ಗೋಡೆ ಮಾಡಿನವರೆಗೂ ಇದೆಯಾ ನೋಡಿ. ಅರ್ಧ ಗೋಡೆಯಾದರೆ ವಾಸನೆ ಖಂಡಿತ ದಾಟುತ್ತದೆ.

ಒಳ್ಳೆ ದರ್ಜೆಯ ಲಾಟ್‌ಗೆ ಗಾಳಿಯಾಡದ ಒಳಚೀಲ ಹಾಕಿ ಹೊರಗೆ ಗೋಣಿಚೀಲ ಹಾಕುವುದು ಈಗ ನಡೆಯುತ್ತಿದೆ. ಇದೂ ಒಂದು ಸೇವೆಯೇ. ಖರ್ಚು ಜಾಸ್ತಿ, ಆದರೆ ಆಷಾಢ ದಾಟಿಸುತ್ತದೆ.

ಲೋಡು ಅನ್‌ಲೋಡು

ಎಲ್ಲರೂ ಕಾಫಿ ಬಗ್ಗೆಯೇ ಹೇಳಿದ್ದೀರಿ. ಆ ಇನ್ನರ್ಧ ಗೋದಾಮಿನ ಕಥೆ ನಾನು ಹೇಳುತ್ತೇನೆ. ಹಾಸನದಲ್ಲಿ ಒಂದು ವಿತರಣಾ ಡಿಪೋದಲ್ಲಿ ಮೇಲ್ವಿಚಾರಕ ನಾನು. ಸೋಪು, ಬಿಸ್ಕತ್ತು, ಎಣ್ಣೆ, ಟೀ ಪುಡಿ ಇಂಥ ಸಾಮಾನು.

ನಮ್ಮ ಕೆಲಸ ಹೇಗಿದೆ ಅಂದರೆ, ಬೆಂಗಳೂರಿನಿಂದ ರಾತ್ರಿ ಹೊರಟ ದೊಡ್ಡ ಲಾರಿ ಬೆಳಗಿನ ಜಾವ ಇಲ್ಲಿ ಬರುತ್ತದೆ. ಅದನ್ನು ಒಡೆದು ಸಣ್ಣ ಗಾಡಿಗಳಿಗೆ ಹಾಕುತ್ತೇವೆ. ಒಂದು ಬೇಲೂರು ಮೇಲೆ ಚಿಕ್ಕಮಗಳೂರಿಗೆ, ಒಂದು ಆಲೂರು, ಸಕಲೇಶಪುರಕ್ಕೆ, ಒಂದು ಹೊಳೆನರಸೀಪುರಕ್ಕೆ, ಒಂದು ಅರಕಲಗೂಡಿಗೆ. ಹಾಸನ ಇದಕ್ಕೆ ಹೇಳಿ ಮಾಡಿಸಿದ ಜಾಗ. ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರಿಗೂ ಮಂಗಳೂರಿಗೂ ಇಲ್ಲಿಂದಲೇ ಹೋಗುತ್ತದೆ. ಎರಡೂ ಊರು ಸುಮಾರು ಒಂದೇ ದೂರ. ಮಾಲು ಇಳಿಸಿ ಇಡದೆ ಒಂದು ಬಾಗಿಲಿಂದ ಬಂದದ್ದನ್ನು ಇನ್ನೊಂದು ಬಾಗಿಲಿಂದ ಕಳಿಸುವುದಕ್ಕೆ ಕ್ರಾಸ್ ಡಾಕಿಂಗ್ ಅಂತೀವಿ. ಇದಕ್ಕೆ ಜಾಗ ಜಾಸ್ತಿ ಬೇಡ. ಬಾಗಿಲು ಜಾಸ್ತಿ ಬೇಕು, ಲಾರಿ ತಿರುಗಲು ಅಂಗಳ ಬೇಕು. ನಮ್ಮೂರಿನ ಹಳೆ ಗೋದಾಮುಗಳಲ್ಲಿ ಬಹಳಷ್ಟಕ್ಕೆ ಒಂದೇ ಬಾಗಿಲು. ಅದೇ ದೊಡ್ಡ ತೊಂದರೆ.

ಸೇವೆಗಳ ಬಗ್ಗೆ ಕೇಳಿದಿರಿ. ನಮಗೆ ಸಿಗುವುದು ಹೀಗೆ. ದಸರಾ, ದೀಪಾವಳಿಗೆ ಎರಡು ಸೋಪಿಗೆ ಒಂದು ಫ್ರೀ ಅಂತ ಕಟ್ಟು ಕಟ್ಟಿ ಪ್ಲಾಸ್ಟಿಕ್ ಸುತ್ತುವುದು. ಒಡೆದ ಪೆಟ್ಟಿಗೆಯಿಂದ ಚೆನ್ನಾಗಿರುವ ಡಬ್ಬ ಆರಿಸಿ ಹೊಸ ಪೆಟ್ಟಿಗೆಗೆ ಹಾಕುವುದು. ಅಂಗಡಿಯಿಂದ ವಾಪಸ್ ಬಂದದ್ದನ್ನು ವಿಂಗಡಿಸುವುದು. ಈ ವಾಪಸ್ ಮಾಲಿನ ಕೆಲಸ ಯಾರಿಗೂ ಇಷ್ಟವಿಲ್ಲ, ಆದರೆ ಅದನ್ನು ಚೆನ್ನಾಗಿ ಮಾಡುವ ಡಿಪೋವನ್ನು ಕಂಪನಿಗಳು ಬಿಡುವುದಿಲ್ಲ. ಅವಧಿ ಮುಗಿದದ್ದು ಎಷ್ಟು, ಇಲಿ ಕಡಿದದ್ದು ಎಷ್ಟು, ಲಾರಿಯಲ್ಲಿ ನೆನೆದದ್ದು ಎಷ್ಟು ಅಂತ ಬೇರೆ ಬೇರೆ ಲೆಕ್ಕ ಕೊಟ್ಟರೆ ಅವರಿಗೆ ಇನ್ಶೂರೆನ್ಸ್ ಕೇಳಲು ಆಧಾರ ಸಿಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಬೆಂಗಳೂರಿನಿಂದ ತುಂಬಿ ಬರುವ ಎಷ್ಟೋ ಲಾರಿ ಖಾಲಿ ವಾಪಸ್ ಹೋಗುತ್ತವೆ. ಡ್ರೈವರ್ ಲೋಡಿಗಾಗಿ ಕಾಯುತ್ತಾ ದಿನ ಕಳೆಯುತ್ತಾನೆ. ಅತ್ತ ಶುಂಠಿ, ತೆಂಗಿನಕಾಯಿ, ಜೋಳದವರು ಲಾರಿ ಸಿಗುವುದಿಲ್ಲ ಅಂತಾರೆ. ಇಬ್ಬರನ್ನೂ ಒಂದೇ ಅಂಗಳದಲ್ಲಿ ಸೇರಿಸುವ ಕೆಲಸ ನೀವು ಮಾಡಿ. ಬರುವ ಲಾರಿಯ ಸಮಯ ಹಿಂದಿನ ಸಂಜೆಯೇ ನಿಮಗೆ ಗೊತ್ತಿರುತ್ತದೆ. ಅದಕ್ಕೆ ತಕ್ಕಂತೆ ಹೊರಡುವ ಮಾಲು ಬಾಗಿಲ ಹತ್ತಿರ ಜೋಡಿಸಿಟ್ಟರೆ ಬೆಳೆಗಾರನಿಗೆ ಬಾಡಿಗೆ ಕಡಿಮೆ, ಲಾರಿಯವನಿಗೆ ದುಡಿಮೆ. ನನ್ನ ಪ್ರಕಾರ ಹಾಸನದಲ್ಲಿ ಎಲ್ಲಕ್ಕಿಂತ ಬೇಗ ದುಡ್ಡು ಕೊಡುವ ಸೇವೆ ಇದೇ.

ಅರಕಲಗೂಡು ಆಲೂಗಡ್ಡೆ

ಹಾಸನ ಅಂದಮೇಲೆ ಆಲೂಗಡ್ಡೆ ಬಿಟ್ಟು ಮಾತಾಡಲು ಆಗುತ್ತದಾ?

ನಮ್ಮ ಬಿತ್ತನೆ ಗಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಇಲ್ಲಿ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು ಮುಂಗಾರಿಗೆ ಮೊದಲು ಎಪಿಎಂಸಿಯಲ್ಲಿ ಮಾರುತ್ತಾರೆ. ಹೆಚ್ಚಿನವರು ಹಾಕುವುದು ಕುಫ್ರಿ ಜ್ಯೋತಿ ತಳಿ. ಕೋಲ್ಡ್ ಸ್ಟೋರೇಜ್‌ನಿಂದ ತೆಗೆದ ಗಡ್ಡೆಯನ್ನು ನೇರ ಹೊಲಕ್ಕೆ ಹಾಕಬಾರದು. ನೆರಳಲ್ಲಿ ಹರಡಿ, ಮಂದ ಬೆಳಕಿನಲ್ಲಿ ವಾರ ಹತ್ತು ದಿನ ಇಟ್ಟು ಮೊಳಕೆ ಬರಿಸಬೇಕು. ಕೊಳೆತದ್ದು ತೆಗೆಯಬೇಕು. ಹೋಳು ಮಾಡಿದರೆ ಔಷಧಿಯಲ್ಲಿ ಅದ್ದಿ ಒಣಗಿಸಬೇಕು. ಮಳೆ ಬಿತ್ತು ಅಂದರೆ ಎಲ್ಲರೂ ಒಂದೇ ದಿನ ಮುಗಿಬೀಳುತ್ತಾರೆ, ಇದ್ಯಾವುದಕ್ಕೂ ಸಮಯ ಇರುವುದಿಲ್ಲ. ಮನೆಯಲ್ಲಿ ಹರಡಲು ಜಾಗವೂ ಇಲ್ಲ. ಹೊಲದಲ್ಲಿ ಗಡ್ಡೆ ಕೊಳೆತ ಮೇಲೆ ಬೀಜ ಕೆಟ್ಟದ್ದು ಅಂತ ಜಗಳ.

ಈ ಮೊಳಕೆ ಬರಿಸಿ, ಆರಿಸಿ, ಗಾತ್ರ ನೋಡಿ ಚೀಲ ಮಾಡಿ, ಯಾವ ಲಾರಿಯ ಮಾಲು ಅಂತ ಬರೆದು ಕೊಡುವ ಕೆಲಸ ಯಾರಾದರೂ ಮಾಡಿದರೆ ನಾವು ಚೀಲಕ್ಕೆ ಇಷ್ಟು ಅಂತ ಖಂಡಿತ ಕೊಡುತ್ತೇವೆ. ಬೀಜಕ್ಕೆ ಸುರಿಯುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಇನ್ನೊಂದು ಮಾತು. ಒಂದೇ ಕೋಣೆಯಲ್ಲಿ ಬಿತ್ತನೆ ಗಡ್ಡೆ, ಚಿಪ್ಸ್ ಗಡ್ಡೆ ಎರಡೂ ಇಡುತ್ತೇವೆ ಅನ್ನುವವರನ್ನು ನಂಬಬೇಡಿ. ಬಿತ್ತನೆಗೆ 2ರಿಂದ 4 ಡಿಗ್ರಿ ಬೇಕು. ಆ ಚಳಿಯಲ್ಲಿ ಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ. ಅದನ್ನು ಕರಿದರೆ ಚಿಪ್ಸ್ ಕಂದು ಬಣ್ಣಕ್ಕೆ ತಿರುಗುತ್ತದೆ, ಕಂಪನಿಯವರು ವಾಪಸ್ ಕಳಿಸುತ್ತಾರೆ. ಚಿಪ್ಸ್ ಗಡ್ಡೆಗೆ 8ರಿಂದ 12 ಡಿಗ್ರಿ, ಮೊಳಕೆ ತಡೆಯುವ ಔಷಧಿ. ಆ ಔಷಧಿ ಬಿತ್ತನೆ ಗಡ್ಡೆಗೆ ತಾಗಿದರೆ ಬೆಳೆ ಹೋಯಿತು. ಕೋಣೆ ಬೇರೆಯೇ ಇರಬೇಕು.

ಲೆಕ್ಕ ಪುಸ್ತಕ

ಕಾನೂನಿನ ಕಡೆ ಕೆಲವು ವಿಷಯ. ಸೇವೆ ಶುರು ಮಾಡುವ ಮೊದಲೇ ನೋಡಿಕೊಳ್ಳಿ.

ಬರೀ ಇಡುವುದು ಬೇರೆ, ಚೀಲ ಬಿಚ್ಚಿ ಮತ್ತೆ ತುಂಬುವುದು ಬೇರೆ. ತಿನ್ನುವ ವಸ್ತುವನ್ನು ರೀಪ್ಯಾಕ್ ಮಾಡುವ ಕ್ಷಣದಿಂದ ಆಹಾರ ಸುರಕ್ಷತೆ ಕಾನೂನಿನಲ್ಲಿ ಆ ಕೆಲಸಕ್ಕೇ ಪರವಾನಗಿ ಬೇಕು. ಗೋದಾಮಿಗೆ ತೆಗೆದುಕೊಂಡದ್ದು ಸಾಲದು. ಗ್ರಾಹಕರಿಗೆ ಹೋಗುವ ಪೊಟ್ಟಣ ಮಾಡಿದರೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಪ್ಯಾಕರ್ ಅಂತ ನೋಂದಣಿ ಮಾಡಿಸಬೇಕು. 2011ರ ಪೊಟ್ಟಣ ನಿಯಮ ನೋಡಿ. ಎಂಆರ್‌ಪಿ ಸ್ಟಿಕರ್ ಹಚ್ಚುವ ಕೆಲಸ ಒಪ್ಪಿಕೊಳ್ಳುವಾಗ ಹುಷಾರು. ಬೆಲೆ ಇಳಿಸಲು ಸ್ಟಿಕರ್ ಹಚ್ಚಬಹುದು, ಆದರೆ ಮೊದಲಿನ ಬೆಲೆ ಮುಚ್ಚುವಂತಿಲ್ಲ. ಏರಿಸಲು ಹಚ್ಚಿದರೆ ಕೇಸು ನಿಮ್ಮ ಮೇಲೂ ಬರುತ್ತದೆ. ತೂಕದ ಯಂತ್ರಕ್ಕೆ ಪ್ರತಿವರ್ಷ ಮುದ್ರೆ ಹಾಕಿಸಿ. ಮೂಡಿಗೆರೆಯವರು ಕೇಳಿದ ಮೂರನೆಯವರ ಚೀಟಿಗೆ ಆ ಮುದ್ರೆಯೇ ಮೊದಲ ಆಧಾರ.

ಜಿಎಸ್‌ಟಿ ಇನ್ನೊಂದು ಗಂಟು. ರೈತ ಮಾರುಕಟ್ಟೆಗೆ ತರುವ ಸ್ಥಿತಿಯಲ್ಲಿರುವ ಕೃಷಿ ಉತ್ಪನ್ನದ ದಾಸ್ತಾನಿಗೆ ವಿನಾಯಿತಿ ಇದೆ. ಆದರೆ 2017ರ ನವೆಂಬರ್‌ನ ಸುತ್ತೋಲೆಯಲ್ಲಿ ಸಂಸ್ಕರಿಸಿದ ಕಾಫಿ ಬೀಜ, ಸಂಸ್ಕರಿಸಿದ ಸಾಂಬಾರ ಪದಾರ್ಥ, ಬೆಲ್ಲ ಇವೆಲ್ಲ ಆ ವ್ಯಾಖ್ಯೆಗೆ ಸೇರುವುದಿಲ್ಲ ಅಂತ ಬಿಡಿಸಿ ಹೇಳಿದ್ದಾರೆ. ಅಂದರೆ ಒಂದೇ ಗೋದಾಮಿನಲ್ಲಿ ಒಂದು ಮೂಲೆಯ ಜೋಳಕ್ಕೆ ತೆರಿಗೆ ಇಲ್ಲ, ಪಕ್ಕದ ಮೂಲೆಯ ಕ್ಯೂರಿಂಗ್ ಆದ ಕಾಫಿಗೆ ಇದೆ. ಬಿಲ್ ಬೇರೆ ಬೇರೆ ಮಾಡಿ. ಪ್ರತಿ ಸೇವೆಗೂ ಬೇರೆ ಸಾಲು ಬರೆಯಿರಿ. ಎಲ್ಲ ಸೇರಿಸಿ ಒಂದೇ ಮೊತ್ತ ಹಾಕಿದರೆ ನಾಳೆ ತನಿಖೆಯಲ್ಲಿ ಬಿಡಿಸಿ ಹೇಳುವುದು ಕಷ್ಟ.

ಸಾಲ ಬೇಕಾದರೆ 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿ ನೋಡಿ. 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ, 7 ವರ್ಷದವರೆಗೆ. ಗೋದಾಮು, ವಿಂಗಡಣೆ ಘಟಕ, ಪ್ಯಾಕಿಂಗ್ ಘಟಕ ಎಲ್ಲ ಅದರಲ್ಲಿ ಬರುತ್ತವೆ.

ಮೂಡಿಗೆರೆ ರೋಬಸ್ಟಾ

ಗೋದಾಮಿನವರಿಗೆ ಒಂದು ನೇರ ಪ್ರಶ್ನೆ. ಲಾಟ್ ಬೇರೆ ಇಡುತ್ತೇವೆ ಅನ್ನುವುದು ಕೇಳಲು ಚೆಂದ. ಆದರೆ ನನ್ನಂಥವರು ನಲವತ್ತು ಐವತ್ತು ಚೀಲದವರು. ಒಬ್ಬೊಬ್ಬರಿಗೆ ಒಂದು ಸಾಲು, ಮಧ್ಯೆ ದಾರಿ ಬಿಟ್ಟರೆ ಗೋದಾಮಿನ ಅರ್ಧ ಜಾಗ ದಾರಿಗೇ ಹೋಗುತ್ತದೆ. ಆ ಖಾಲಿ ಜಾಗದ ಬಾಡಿಗೆ ಯಾರು ಕೊಡಬೇಕು? ನಮ್ಮ ಮೇಲೇ ಬೀಳುವುದಾದರೆ ವ್ಯಾಪಾರಿಯ ರಾಶಿಗೇ ಸುರಿಯುವುದು ವಾಸಿ ಅಂತ ಜನ ಅಂದುಕೊಳ್ಳುತ್ತಾರೆ.

ಹಾಸನ ಗೋದಾಮು

ಸರಿಯಾದ ಪ್ರಶ್ನೆ. ನಾನೂ ಇದರ ಬಗ್ಗೆ ತುಂಬಾ ಯೋಚಿಸಿದ್ದೇನೆ.

ಎಲ್ಲ ಕಾಫಿಗೂ ಬೇರೆ ಸಾಲು ಬೇಡ. ಬಂದ ದಿನ ಸ್ಯಾಂಪಲ್ ನೋಡಿದ ಮೇಲೆ ಬೆಳೆಗಾರ ತೀರ್ಮಾನ ಮಾಡಲಿ. ಸಾಧಾರಣ ಚೆರ್ರಿಯಾದರೆ ಒಂದೇ ದರ್ಜೆಯ ಗುಂಪಿಗೆ ಸೇರಿಸಿ, ಅವರ ಪಾಲಿನ ತೂಕ ಚೀಟಿಯಲ್ಲಿ ಬರೆಯುತ್ತೇವೆ. ಚೆನ್ನಾಗಿರುವ ಪಾರ್ಚ್‌ಮೆಂಟ್, ಎತ್ತರದ ತೋಟದ್ದು, ಜಾಸ್ತಿ ಬೆಲೆ ಸಿಗಬಹುದು ಅನ್ನಿಸಿದ್ದಕ್ಕೆ ಮಾತ್ರ ಬೇರೆ ಜಾಗ. ಚೀಲಗಳನ್ನು ಪ್ಯಾಲೆಟ್ ಮೇಲೆ ಇಟ್ಟು ಕಬ್ಬಿಣದ ರ‍್ಯಾಕ್‌ಗೆ ಏರಿಸಿದರೆ ಸಣ್ಣ ಲಾಟ್‌ಗೂ ಜಾಗ ಹಾಳಾಗುವುದಿಲ್ಲ. ಈಗ ನಾವು ನೆಲದಿಂದ ಚೀಲದ ಮೇಲೆ ಚೀಲ ಒಟ್ಟುತ್ತೇವೆ, ಅದಕ್ಕೇ ದಾರಿಗೆ ಅಷ್ಟು ಜಾಗ ಬೇಕಾಗುವುದು. ರ‍್ಯಾಕ್ ಖರ್ಚು ನನ್ನದು.

ಈ ಶಿಸ್ತು ಈಗಲೇ ಯಾಕೆ ಬೇಕು ಅನ್ನುವುದಕ್ಕೆ ದೊಡ್ಡ ಕಾರಣ ಯುರೋಪ್. ನಮ್ಮ ಕಾಫಿಯ ಅತಿ ದೊಡ್ಡ ಗಿರಾಕಿ ಇಟಲಿ. ಯುರೋಪ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ಕಾನೂನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಕಾಫಿ ಬೆಳೆದ ಜಮೀನು ಎಲ್ಲಿದೆ ಅಂತ ಅಕ್ಷಾಂಶ ರೇಖಾಂಶ ಸಮೇತ ಕೊಡಬೇಕು. 4 ಹೆಕ್ಟೇರ್‌ಗಿಂತ ದೊಡ್ಡದಾದರೆ ಜಮೀನಿನ ಗಡಿ ಪೂರ್ತಿ ಕೊಡಬೇಕು. ಜಾರಿ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ, ನಿಜ. ಆದರೆ ಕೊಳ್ಳುವವರು ಆಗಲೇ ಕೇಳಲು ಶುರು ಮಾಡಿದ್ದಾರೆ. ನಮ್ಮ ತೋಟಗಳು ನೆರಳಿನ ಮರದ ಕೆಳಗಿನ ಹಳೆ ತೋಟಗಳು, ಹೆಚ್ಚಿನವರಿಗೆ ಭಯ ಬೇಡ. ಭಯ ಇರುವುದು ಗೋದಾಮಿನಲ್ಲಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಹತ್ತು ಚೀಲ ಬೆರೆತರೆ ಇಡೀ ಲೋಡಿನ ಕಾಗದಕ್ಕೆ ಬೆಲೆ ಇಲ್ಲ. ನಾನು ಗುಂಪಿಗೆ ಸೇರಿಸುವ ಚೆರ್ರಿಯಲ್ಲೂ ಯಾರ್ಯಾರ ಜಮೀನಿನದು ಅನ್ನುವ ಪಟ್ಟಿ ಇರಲೇಬೇಕು. ಕಾಗದ ಇಲ್ಲದ ಚೀಲ ಆ ಗುಂಪಿಗೆ ಬರುವುದೇ ಬೇಡ.

ಕಂಟೇನರ್ ಲೆಕ್ಕವನ್ನೂ ನೋಡಿ. 20 ಅಡಿ ಕಂಟೇನರ್‌ಗೆ 60 ಕೆ.ಜಿ.ಯ 320 ಚೀಲ ಹಿಡಿಯುತ್ತದೆ. ಅಂದರೆ 19 ಟನ್ ಚಿಲ್ಲರೆ. ಅರೇಬಿಕಾ ಹೆಕ್ಟೇರಿಗೆ ಸರಾಸರಿ ಅರ್ಧ ಟನ್‌ನ ಆಸುಪಾಸು. 2 ಹೆಕ್ಟೇರ್ ಇರುವವರು ಸುಮಾರು 20 ಜನ ಸೇರಿದರೆ ಒಂದು ಕಂಟೇನರ್. ಆ 20 ಜನರ ಕಾಫಿಯನ್ನು ಒಂದೇ ದರ್ಜೆಗೆ ತಂದು, ಎಲ್ಲರ ಜಮೀನಿನ ಪಟ್ಟಿ ಜೋಡಿಸಿ, ಇಲ್ಲೇ ಕಂಟೇನರ್ ತುಂಬಿ, ಒಳಗೆ ಕ್ರಾಫ್ಟ್ ಪೇಪರ್ ಹಾಸಿ, ತೇವ ಹೀರುವ ಪೊಟ್ಟಣ ನೇತುಹಾಕಿ, ಹುಳ ಸಾಯಲು ಹೊಗೆ ಹಾಕಿಸಿದ ಪತ್ರ, ಸಸ್ಯ ಆರೋಗ್ಯ ಪತ್ರ ಮಾಡಿಸಿ ಮಂಗಳೂರಿನ ಪಣಂಬೂರು ಬಂದರಿಗೆ ಕಳಿಸುವ ಕೆಲಸ ಇದೆಯಲ್ಲ, ಅದೇ ನನ್ನ ಗುರಿ. ಈಗ ಆ 20 ಜನರ ಪರವಾಗಿ ಇದನ್ನು ಮಾಡುವವರು ನಮ್ಮಲ್ಲಿ ತೀರಾ ಕಡಿಮೆ.

ಸಕಲೇಶಪುರ ಏಲಕ್ಕಿ

ಪಣಂಬೂರು ಅಂದಿರಿ. ಶಿರಾಡಿ ಘಾಟ್ ಮರೆಯಬೇಡಿ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ರಸ್ತೆ ನಿಂತಿತು. ಅದೇ ತಿಂಗಳು ಎಡಕುಮೇರಿ ಕಡೆ ಹಳಿ ಕೆಳಗಿನ ಮಣ್ಣು ಜಾರಿ ರೈಲೂ ನಿಂತಿತು. ಚಾರ್ಮಾಡಿಯಲ್ಲಿ 2019ರ ಕುಸಿತದ ನಂತರ ದೊಡ್ಡ ಲಾರಿಗಳಿಗೆ ನಿರ್ಬಂಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಡಗಿನ ದಿನಾಂಕಕ್ಕೆ ಮಾತು ಕೊಡುವಾಗ ವಾರಗಟ್ಟಲೆ ಅಂತರ ಇಟ್ಟುಕೊಳ್ಳಿ. ಆಗುವುದಾದರೆ ಮೇ ತಿಂಗಳೊಳಗೆ ಕೆಳಗೆ ಇಳಿಸಿ.

ಕಡೂರು ಕೊಬ್ಬರಿ

ನಮ್ಮ ಕಡೂರು, ಅರಸೀಕೆರೆ ಕಡೆ ಗಾಳಿ ಒಣ. ಮಳೆ ಕಡಿಮೆ, ರೈಲು ಮಾರ್ಗವೂ ಇದೆ. ಮಳೆಗಾಲದ ದಾಸ್ತಾನು ಇಲ್ಲಿ ಇಟ್ಟು ನೋಡಿ. ರಾಗಿ, ಜೋಳ ಇಡುವವರು ಕೇಂದ್ರದ ಗೋದಾಮು ನಿಯಂತ್ರಣ ಪ್ರಾಧಿಕಾರದ (ಡಬ್ಲ್ಯುಡಿಆರ್‌ಎ) ನೋಂದಣಿ ಇರುವ ಗೋದಾಮನ್ನೇ ಹುಡುಕಿ. ಅಲ್ಲಿ ಕೊಡುವ ಎಲೆಕ್ಟ್ರಾನಿಕ್ ರಸೀದಿ ಮೇಲೆ ಬ್ಯಾಂಕ್ ಸಾಲ ಕೊಡುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಾದ ಮೇಲೂ 6 ತಿಂಗಳವರೆಗೆ ಕಡಿಮೆ ಬಡ್ಡಿ ಸಿಗುತ್ತದೆ. ಸುಗ್ಗಿಯಲ್ಲಿ ಬಂದ ಬೆಲೆಗೆ ಮಾರುವ ಅವಸರ ತಪ್ಪುತ್ತದೆ. ಆ ರಸೀದಿಯಲ್ಲೂ ತೂಕ, ದರ್ಜೆ ಎರಡೂ ಬರೆಯಲೇಬೇಕು. ಅಂದರೆ ಗುಣಮಟ್ಟ ನೋಡುವ ಸೇವೆ ಇಲ್ಲದೆ ಸಾಲವೂ ಇಲ್ಲ.

ಚಿಕ್ಕಮಗಳೂರು ಲ್ಯಾಬ್

ಕೆಲಸ ಯಾರಿಗೆ ಸಿಗುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಸ್ಯಾಂಪಲ್ ಒಡೆಯುವುದು, ಬೀಜ ಆರಿಸಿ ದೋಷ ಎಣಿಸುವುದು, ಒಂದು ಲೀಟರ್ ಮೆಣಸು ಎಷ್ಟು ತೂಗುತ್ತದೆ ಅಂತ ನೋಡುವುದು, ಲೇಬಲ್ ಹಚ್ಚುವುದು, ಇವುಗಳಿಗೆ ಕಣ್ಣು ಚುರುಕಿರಬೇಕು. ಗಾರ್ಬ್ಲಿಂಗ್ ಮಾಡಿದ ಹೆಂಗಸರ ಕಣ್ಣಿಗೆ ಸಾಟಿ ಇಲ್ಲ. ಯಂತ್ರ ಬಂದ ಮೇಲೆ ಅವರಲ್ಲಿ ಎಷ್ಟೋ ಜನ ಮನೆಯಲ್ಲಿ ಕೂತಿದ್ದಾರೆ. ಅವರನ್ನು ಕರೆಯಿರಿ. ದಿನಗೂಲಿಗೆ ಬೇಡ, ವರ್ಷಪೂರ್ತಿ ಕೆಲಸಕ್ಕೆ ಕರೆಯಿರಿ. ಕಾಫಿ ಮುಗಿದ ಮೇಲೆ ಆಲೂಗಡ್ಡೆ ಬಿತ್ತನೆ, ಆಮೇಲೆ ಹಬ್ಬದ ಪ್ಯಾಕಿಂಗ್. ಇಲ್ಲಿ ಹೇಳಿದ ಸೇವೆಗಳನ್ನೇ ಜೋಡಿಸಿದರೆ ವರ್ಷ ತುಂಬುತ್ತದೆ.

ಲೋಡು ಅನ್‌ಲೋಡು

ಇದು ನಿಜಕ್ಕೂ ಒಳ್ಳೆ ಮಾತು. ಹಬ್ಬದ ಪ್ಯಾಕಿಂಗ್‌ಗೆ ನಮಗೆ ಕೈ ಸಾಲುವುದೇ ಇಲ್ಲ.

ಮೂಡಿಗೆರೆ ರೋಬಸ್ಟಾ

ನನಗೆ ಒಂದೇ ಅನುಮಾನ ಉಳಿದಿದೆ. ತೂಕದ ನಷ್ಟ. ಇಟ್ಟಾಗ ಇದ್ದ ತೂಕ ತೆಗೆಯುವಾಗ ಇರುವುದಿಲ್ಲ. ಒಣಗಿತು ಅಂತೀರಿ. ನಿಜವಾಗಿ ಒಣಗಿತೋ, ಚೀಲದಿಂದ ಹೋಯಿತೋ ನಮಗೆ ಹೇಗೆ ಗೊತ್ತಾಗಬೇಕು?

ಹಾಸನ ಗೋದಾಮು

ಅದಕ್ಕೇ ಚೀಟಿಯಲ್ಲಿ ತೂಕದ ಪಕ್ಕ ತೇವಾಂಶ ಬರೆಯಬೇಕು ಅಂತ ಮೊದಲೇ ಹೇಳಿದ್ದು. 50 ಕೆ.ಜಿ. ಚೆರ್ರಿ ಶೇ 14 ತೇವದಲ್ಲಿ ಬಂತು ಅಂದುಕೊಳ್ಳಿ. ಅದರಲ್ಲಿ ನೀರು 7 ಕೆ.ಜಿ., ಒಣ ಪದಾರ್ಥ 43 ಕೆ.ಜಿ. ಅದು ಶೇ 11ಕ್ಕೆ ಒಣಗಿದರೆ ಚೀಲದ ತೂಕ 48.3 ಕೆ.ಜಿ. ಇರಬೇಕು. 47 ಇದ್ದರೆ ಉಳಿದದ್ದಕ್ಕೆ ನಾನು ಉತ್ತರ ಕೊಡಬೇಕು. ಮಳೆಗಾಲದಲ್ಲಿ ಉಲ್ಟಾ ಆಗುತ್ತದೆ. ಶೇ 11ರಲ್ಲಿ ಬಂದ 50 ಕೆ.ಜಿ. ಶೇ 13.5ಕ್ಕೆ ಏರಿದರೆ 51.4 ಕೆ.ಜಿ. ತೂಗುತ್ತದೆ. ಆ ಹೆಚ್ಚುವರಿ ತೂಕ ಬರೀ ನೀರು, ಆದರೂ ಚೀಲ ನಿಮ್ಮದು. ಅದರಿಂದ ಒಂದು ಬೊಗಸೆಯನ್ನೂ ಗೋದಾಮು ತೆಗೆಯುವಂತಿಲ್ಲ. ಒಣ ಪದಾರ್ಥದ ಲೆಕ್ಕದಲ್ಲಿ ಶೇ ಅರ್ಧಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ನಷ್ಟ ನನ್ನದು ಅಂತ ಚೀಟಿಯ ಮೇಲೆಯೇ ಅಚ್ಚು ಹಾಕಿಸುತ್ತೇನೆ.

ಚಿಕ್ಕಮಗಳೂರು ಲ್ಯಾಬ್

ಮೀಟರ್ ಸರಿ ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಸೀಸನ್ ಶುರುವಿನಲ್ಲಿ ಓವನ್‌ನಲ್ಲಿ ಒಣಗಿಸಿ ನೋಡಿದ ತೇವದ ಜೊತೆ ನಿಮ್ಮ ಮೀಟರ್ ಹೋಲಿಸಿಕೊಳ್ಳಿ. ಚೆರ್ರಿಗೂ ಪಾರ್ಚ್‌ಮೆಂಟ್‌ಗೂ ಮೀಟರ್‌ನಲ್ಲಿ ಬೇರೆ ಬೇರೆ ಸೆಟ್ಟಿಂಗ್, ಅದನ್ನು ಬದಲಾಯಿಸದೆ ನೋಡುವವರು ಇದ್ದಾರೆ. ಸ್ಯಾಂಪಲ್ ಮೂರು ಭಾಗ ಮಾಡಿ. ಒಂದು ಬೆಳೆಗಾರರಿಗೆ, ಒಂದು ನಿಮಗೆ, ಇನ್ನೊಂದು ಇಬ್ಬರ ಸಹಿ ಹಾಕಿ ಗಾಳಿಯಾಡದ ಡಬ್ಬದಲ್ಲಿ ಸೀಲ್ ಮಾಡಿಟ್ಟುಕೊಳ್ಳಿ. ಜಗಳ ಬಂದರೆ ಆ ಮೂರನೆಯದನ್ನು ತೆಗೆಯಿರಿ.

ಮೂಡಿಗೆರೆ ರೋಬಸ್ಟಾ

ಶೇ ಅರ್ಧ ಜಾಸ್ತಿಯಾಯಿತು. ಕಾಲು ಮಾಡಿ. ಆದರೆ ಅಚ್ಚು ಹಾಕಿಸುತ್ತೇನೆ ಅನ್ನುವವರು ಇಲ್ಲಿವರೆಗೆ ನನಗೆ ಸಿಕ್ಕಿರಲಿಲ್ಲ. ಫೆಬ್ರವರಿ ಕೊನೆಗೆ ಚೆರ್ರಿ ಕಣದಿಂದ ಏಳುತ್ತದೆ. ಮೊದಲು ಸ್ವಲ್ಪ ಚೀಲ ತಂದು ಇಡುತ್ತೇನೆ. ಅಷ್ಟರೊಳಗೆ ಚೀಟಿಯ ನಮೂನೆ ಇಲ್ಲಿ ಹಾಕಿ, ಎಲ್ಲರೂ ಓದಿ ತಿದ್ದೋಣ.

ಹಾಸನ ಗೋದಾಮು

ಕಾಲು ಕಷ್ಟ. ಮೀಟರ್‌ನ ವ್ಯತ್ಯಾಸವೇ ಅದಕ್ಕಿಂತ ಜಾಸ್ತಿ ಬರುತ್ತದೆ. ನಮೂನೆ ಈ ವಾರವೇ ಹಾಕುತ್ತೇನೆ. ಲೆಕ್ಕ ಪುಸ್ತಕದವರು ಬಿಲ್ಲಿನ ಸಾಲುಗಳನ್ನು ಒಮ್ಮೆ ನೋಡಿ ಕೊಡಿ.